ಬೀಜಕ್ಕೆ ಬಿಟ್ಟ ಹೀರೇಕಾಯಿ

ಹೋದ ಬೇಸಿಗೆಯಲ್ಲಿ ತೋಟದ ಲೆಕ್ಕ ಬರೆದ ಪುಸ್ತಕ ಈಗಲೂ ನನ್ನ ಮೇಜಿನ ಮೇಲಿದೆ. ನೀಲಿ ರಟ್ಟು, ನೂರು ಹಾಳೆ. ಒಳಗೆ ಅಡಿಪಟ್ಟಿ ಇಟ್ಟು ಐದು ಕಾಲಂ ಎಳೆದಿದ್ದೇನೆ: ತಾರೀಖು, ಅರಳಿದ ಹೂವು, ಕೊಯ್ದ ಕಾಯಿ, ತೂಕ, ಷರಾ. ಏಪ್ರಿಲ್ ಆರರಿಂದ ಒಂದು ದಿನವೂ ತಪ್ಪಿಸಿಲ್ಲ; ಜ್ವರ ಬಂದ ಎರಡು ದಿನವೂ ಕಿಟಕಿಯಿಂದ ನೋಡಿ ಬರೆದಿದ್ದೇನೆ. ಆಗಸ್ಟ್ ಹದಿನಾಲ್ಕರ ಷರಾದಲ್ಲಿ ‘ಬೀಜದ ಕಾಯಿ ಚೆನ್ನಾಗಿದೆ’ ಎಂದಿದೆ. ಅದು ಸುಳ್ಳು. ಬರೆಯುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. ಈಗ ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ನಡೆದದ್ದನ್ನು ಬರೆದಿದ್ದೇನೆ. ಆ ಚಿಕ್ಕ ಜಾಗದಲ್ಲಿ ಹಿಡಿಸದೆ ಉಳಿದದ್ದು ಇದು.

ಅಮೆರಿಕದ ಡಬ್ಲಿನ್‌ನಲ್ಲಿ ನಾನು ಬಾಡಿಗೆಗಿರುವುದು ಧಾರವಾಡದವರೊಬ್ಬರ ಮನೆಯ ಹಿಂಬದಿಯ ಕೋಣೆಯಲ್ಲಿ. ಮನೆಯೊಡತಿಯನ್ನು ಅಕ್ಕ ಎನ್ನುತ್ತೇನೆ. ಅವರ ತಾಯಿ ಏಪ್ರಿಲ್ ಮೊದಲ ವಾರ ಆರು ತಿಂಗಳ ಮಟ್ಟಿಗೆ ಬಂದರು. ಅವರು ನನಗೆ ಅಜ್ಜಿ. ನನ್ನ ಆಫೀಸು ಪ್ಲೆಸೆಂಟನ್‌ನಲ್ಲಿ, ಕಾರಿನಲ್ಲಿ ಹದಿನೈದು ನಿಮಿಷ. ಸಂಜೆ ಐದೂವರೆಗೆಲ್ಲ ಮನೆ ಸೇರುತ್ತೇನೆ. ನನ್ನ ಕೋಣೆಯ ಬಾಗಿಲು ತೆರೆದರೆ ಹಿತ್ತಲು. ಅಲ್ಲಿಯ ಜೇಡಿಮಣ್ಣು ಬೇಸಿಗೆಯಲ್ಲಿ ಇಟ್ಟಿಗೆಯಷ್ಟು ಗಟ್ಟಿಯಾಗುವುದರಿಂದ ಹಲಗೆಯ ಕಟ್ಟೆ ಕಟ್ಟಿ ಒಳಗೆ ತಂದ ಮಣ್ಣು ತುಂಬಿದ ಎರಡು ಪಾತಿಗಳಿವೆ. ಒಂದರಲ್ಲಿ ಮೆಂತ್ಯ, ಮೆಣಸಿನಕಾಯಿ, ಬಸಳೆ. ಇನ್ನೊಂದರಲ್ಲಿ ಹೀರೆ.

ಆ ಹೀರೆ ಅಂಗಡಿಯ ಬೀಜದ್ದಲ್ಲ. ಅಜ್ಜಿ ಹಿಂದಿನ ಸಲ ಬಂದಾಗ ಮೂರು ಬೀದಿ ಆಚೆಯ ಮಂಡ್ಯದ ಹೆಂಗಸೊಬ್ಬರು ಅವರಿಗೆ ವಾಕಿಂಗ್ ಗೆಳತಿಯಾಗಿದ್ದರು. ಆಕೆ ಈ ಊರಿನಲ್ಲಿ ಎಷ್ಟೋ ವರ್ಷ ಹೀರೆ ಬೆಳೆದವರು. ಇಲ್ಲಿ ಹಗಲು ಎಷ್ಟೇ ಸುಟ್ಟರೂ ಇರುಳು ತಣ್ಣಗಾಗುತ್ತದೆ. ಹೀರೆಗೆ ಅದು ಆಗದು. ಆಕೆ ವರ್ಷವರ್ಷವೂ ಆ ಚಳಿಯನ್ನು ತಡೆದ ಬಳ್ಳಿಯಿಂದಲೇ ಒಂದು ಕಾಯಿಯನ್ನು ಬೀಜಕ್ಕೆ ಬಿಟ್ಟು, ಕಡೆಗೆ ಈ ನೆಲಕ್ಕೆ ಒಗ್ಗಿದ ಗಿಡ್ಡನೆಯ, ತುಸು ದಪ್ಪನೆಯ ಒಂದು ಹೀರೆಯನ್ನು ಮಾಡಿಕೊಂಡಿದ್ದರು. ಅಜ್ಜಿ ಊರಿಗೆ ಹೊರಟಾಗ ಆಕೆ ಕ್ಯಾಲೆಂಡರ್ ಹಾಳೆಯಲ್ಲಿ ಐದು ಬೀಜ ಕಟ್ಟಿಕೊಟ್ಟರಂತೆ. ಅಕ್ಕ ಅದನ್ನು ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟಿದ್ದರು. ಆ ಚಳಿಗಾಲದಲ್ಲಿ ಗೆಳತಿ ತೀರಿಕೊಂಡರು. ಮನೆ ಮಾರಾಟವಾಗಿ, ಕೊಂಡವರು ಹಿತ್ತಲಿಗೆ ಕಲ್ಲು ಹಾಸಿದರು.

ಐದು ಬೀಜದಲ್ಲಿ ನಾಲ್ಕು ಮೊಳೆತವು. ಒಂದನ್ನು ಬಸವನಹುಳು ತಿಂದಿತು. ಎರಡನ್ನು ನೆಲದೊಳಗೆ ಬಿಲ ಕೊರೆದು ಬರುವ ಗೋಫರ್ ಬುಡಸಮೇತ ಎಳೆದುಕೊಂಡಿತು. ಉಳಿದದ್ದು ಒಂದೇ ಬಳ್ಳಿ. ಇದೆಲ್ಲ ಪುಸ್ತಕದಲ್ಲಿ ತಾರೀಖು ಸಹಿತ ಇದೆ.

ಹೀರೆ ಹೂವು ಅರಳುವುದು ಸಂಜೆ. ನಮ್ಮ ಹಿತ್ತಲಿಗೆ ಆ ಹೊತ್ತಿಗೆ ದುಂಬಿ ಬರುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಹಾಗಾಗಿ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನಾವೇ ಮುಟ್ಟಿಸಬೇಕು. ಅಜ್ಜಿ ಅದನ್ನು ಮದುವೆ ಎನ್ನುತ್ತಿದ್ದರು. ನಾನು ಪುಸ್ತಕ ಹಿಡಿದು ಹೊರಗೆ ಬಂದರೆ ಸಾಕು, ಶುರು.

“ಬಂದ್ರು ನೋಡ್ರಿ ತಲಾಟಿ ಬಾಯಾರು! ಇವತ್ತ ಎಷ್ಟ ಮದುವಿ ಆದೂವು, ಬರಕೋರಿ.” ಹಳ್ಳಿಯ ಲೆಕ್ಕ ಬರೆಯುವವನಿಗೆ ಅವರ ಕಡೆ ತಲಾಟಿ ಎನ್ನುತ್ತಾರೆ. ನನಗೆ ಅದೇ ಹೆಸರಾಯಿತು.

“ಎರಡು, ಅಜ್ಜಿ.”

“ದಿನಾ ಹೂವಿನ ಮದುವಿ ಎಣಸ್ತಿ. ನಿಂದು ಯಾವ ವಹ್ಯಾಗ ಬರಿಯೂದು?”

“ಆ ಕಾಲಂ ಇನ್ನೂ ಎಳ್ದಿಲ್ಲ ಅಜ್ಜಿ.”

ಅಡುಗೆಮನೆಯ ಕಿಟಕಿಯಿಂದ ಅಕ್ಕನ ದನಿ ಬರುತ್ತಿತ್ತು: “ಅವ್ವಾ, ಆಕಿನ್ನ ಸುಮ್ನ ಬಿಡು. ರೂಮ್ ಬಿಟ್ಟು ಓಡಿ ಹೋದ್ರ ನಿನ್ನ ಹೀರಿ ಯಾರು ನೋಡ್ಕೋತಾರ?”

ಊಟವಾದ ಮೇಲೆ, ಇನ್ನೂ ಬೆಳಕಿರುವಾಗ, ಅಜ್ಜಿ ಹಿತ್ತಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಸಣ್ಣ ಅಕ್ಷರ ಅವರಿಗೆ ಕಾಣುವುದಿಲ್ಲ. “ಓದು ಇವತ್ತಿಂದು” ಎನ್ನುತ್ತಿದ್ದರು. ನಾನು ಆ ದಿನದ ಸಾಲನ್ನು ಷರಾ ಸಮೇತ ಓದುತ್ತಿದ್ದೆ. ಪಂಚಾಂಗ ಕೇಳಿದ ಹಾಗೆ ಕೇಳಿ, ಹೂಂ ಎಂದು ಒಳಗೆ ಹೋಗುತ್ತಿದ್ದರು.

ಜೂನ್‌ನಲ್ಲಿ ಎಳೆಕಾಯಿ ಎಣಿಸುವಾಗ ಬೆರಳು, ಅವರ ಮಾತಿನಲ್ಲಿ ಬಟ್ಟು, ಚಾಚಿದ್ದಕ್ಕೆ ಅವರು ನನ್ನ ಕೈಗೆ ಪಟ್ಟನೆ ಹೊಡೆದರು.

“ಬಟ್ಟ ಮಾಡಿ ತೋರಸ್ಬ್ಯಾಡ! ಕೊಳೀತದ. ಬಟ್ಟು ಮಡಚಿ ಗೆಣ್ಣಿಂದ ತೋರ್ಸು.”

“ಯಾಕಜ್ಜಿ, ಕಾಯಿಗೆ ನಾಚ್ಕೆ ಆಗತ್ತಾ?”

“ಆಗ್ತದ. ನಿನಗ ಯಾರರೆ ಬಟ್ಟ ಮಾಡಿದ್ರ ಆಗೂದಿಲ್ಲೇನು?”

ನಾನು ನಕ್ಕೆ. ಹೆಣ್ಣು ಹೂವಿಗೆ ಪರಾಗ ಮುಟ್ಟದಿದ್ದರೆ ಕಾಯಿ ಹಳದಿಯಾಗಿ ಉದುರುತ್ತದೆ, ಬೆರಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಎರಡು ವಾರದ ಲೆಕ್ಕವನ್ನು ತೋರಿಸಿ ವಾದಿಸಿದೆ. ಮುಟ್ಟಿಸಿದ ಹೂವು ಒಂಬತ್ತು, ಉಳಿದದ್ದು ಏಳು. ಮುಟ್ಟಿಸದ್ದು ಐದು, ಉಳಿದದ್ದು ಸೊನ್ನೆ. ಅಜ್ಜಿ ಎಲ್ಲ ಕೇಳಿ, “ಇರಲಿ, ನೀ ಮಾತ್ರ ಮಡಚಿ ತೋರ್ಸು” ಎಂದರು. ಬೇಸಿಗೆಯುದ್ದಕ್ಕೂ ನಾನು ಆ ನಂಬಿಕೆಯನ್ನು ಆಡಿಕೊಂಡೆ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ.

ಈ ಕಡೆಯ ಕನ್ನಡದ ಮನೆಗಳವರು ಕೈತೋಟಕ್ಕೆಂದು ಫೋನಿನಲ್ಲಿ ಒಂದು ಗ್ರೂಪು ಮಾಡಿಕೊಂಡಿದ್ದಾರೆ. ಭಾನುವಾರ ಎಲ್ಲರೂ ಆ ವಾರದ ಫಸಲಿನ ಫೋಟೋ ಹಾಕುತ್ತಾರೆ. ಜುಲೈ ಆರರಂದು ನಾನು, ಯಾರೂ ಕೇಳದೆ, ‘ಒಂದೇ ಬಳ್ಳಿ, ಸೆಪ್ಟೆಂಬರ್ ಒಳಗೆ ನಲವತ್ತು ಕಾಯಿ’ ಎಂದು ಬರೆದೆ. ಪ್ಲೆಸೆಂಟನ್‌ನ ಒಬ್ಬರು, ಎರಡು ಚಪ್ಪರ ಇರುವವರು, ‘ನಲವತ್ತಾ? ಬಳ್ಳೀನಾ ಫ್ಯಾಕ್ಟ್ರಿನಾ?’ ಎಂದು ಕೇಳಿದರು. ಹದಿನಾಲ್ಕು ಜನ ನಕ್ಕರು. ಹದಿನಾಲ್ಕು ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಅಂಥದ್ದನ್ನೂ ಬರೆದುಕೊಳ್ಳುವವಳು ನಾನು.

ಜುಲೈ ಇಪ್ಪತ್ತೇಳರ ಹೊತ್ತಿಗೆ ಒಟ್ಟು ಹದಿನೇಳಾಗಿತ್ತು. ಆ ದಿನ ಅಜ್ಜಿ ಬುಡದ ಹತ್ತಿರದ ಒಂದು ಒಳ್ಳೆಯ ಕಾಯಿಯ ತೊಟ್ಟಿಗೆ ಹಳೆಯ ಕುಪ್ಪಸದ ಕೆಂಪು ಬಟ್ಟೆಯ ಚೂರು ಕಟ್ಟಿದರು.

“ಇದಕ್ಕ ಕೈ ಹಚ್ಚಬ್ಯಾಡ. ಬೀಜಕ್ಕ ಬಿಟ್ಟೀನಿ. ಬಳ್ಳಿ ಮ್ಯಾಲೇ ಒಣಗಿ ಗಿಲಕಿ ಹಂಗ ಸಪ್ಪಳ ಮಾಡಬೇಕು.”

ಅಂದೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ನಾಲ್ಕು ಪೊಟ್ಟಣ ಮಡಚಿದರು. ನನ್ನ ಅಕ್ಷರ ಚೆನ್ನಾಗಿದೆ ಎಂದು ಮೇಲೆ ಹೆಸರು ನನ್ನಿಂದಲೇ ಬರೆಸಿದರು. ಒಂದು ಅಕ್ಕನಿಗೆ, ಒಂದು ನನಗೆ, ಒಂದು ಗ್ರೂಪಿನಲ್ಲಿ ಯಾರು ಕೇಳುತ್ತಾರೋ ಅವರಿಗೆ. ನಾಲ್ಕನೆಯದು ಮೌಂಟನ್ ವ್ಯೂನಲ್ಲಿರುವ, ತೀರಿಕೊಂಡ ಆ ಗೆಳತಿಯ ಮಗಳಿಗೆ. ಆಕೆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕುಂಡ ತಂದಿಟ್ಟುಕೊಂಡು, “ಆಂಟೀ, ಅಮ್ಮನ ಹೀರೆ ಒಂದೆರಡು ಬೀಜ ಕೊಟ್ಟೇ ಹೋಗ್ಬೇಕು” ಎಂದು ಮೂರು ಸಲ ಫೋನ್ ಮಾಡಿದ್ದರು.

“ಆಕಿ ಕಡೆ ತಾಯಿ ಸೀರಿ ಅವ, ಭಾಂಡಿ ಅವ. ಬೆಳಿಯೂ ವಸ್ತು ಇದೊಂದ” ಎಂದರು ಅಜ್ಜಿ.

ಮುಂದಿನ ವಾರ ಸಿಕ್ಕಿದ್ದು ನಾಲ್ಕು ಕಾಯಿ. ಅದರ ಮುಂದಿನ ವಾರ ಎರಡು. ಕಾಯಿ ಬಲಿಯಲು ಬಿಟ್ಟರೆ ಬಳ್ಳಿ ಹೊಸ ಹೂವು ಬಿಡುವುದನ್ನು ನಿಲ್ಲಿಸುತ್ತದೆ ಎಂದು ಓದಿಕೊಂಡೆ. ಅಜ್ಜಿಗೂ ಅದು ಗೊತ್ತಿತ್ತು. “ಬಸುರಿ ಆಕಿ. ಈಗ ಆಕಿಗೆ ಉಳದ ಕೆಲಸಕ್ಕ ಪುರಸೊತ್ತಿಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಒಟ್ಟು ಇಪ್ಪತ್ತಮೂರು. ಪ್ಲೆಸೆಂಟನ್‌ನವರು ಆ ಭಾನುವಾರ, ‘ಫ್ಯಾಕ್ಟ್ರಿ ಸ್ಟ್ರೈಕಾ?’ ಎಂದು ಕೇಳಿದ್ದರು.

ಆಗಸ್ಟ್ ಹದಿನಾಲ್ಕು ಗುರುವಾರ. ಅಕ್ಕ, ಅಜ್ಜಿ ದೇವಸ್ಥಾನಕ್ಕೆ ಹೋಗಿದ್ದರು. ಆರೂವರೆಗೆ ಚಪ್ಪರದ ಹತ್ತಿರ ಹೋದೆ. ಇಡೀ ಬಳ್ಳಿಯಲ್ಲಿ ಒಂದೇ ಒಂದು ಹೆಣ್ಣು ಹೂವು. ಬುಡದಲ್ಲಿ ಬೀಜದ ಕಾಯಿ ನನ್ನ ಮುಂಗೈಯಷ್ಟು ಉದ್ದವಾಗಿ ನೇತಾಡುತ್ತಿತ್ತು. ನಾನು ಕೆಂಪು ಬಟ್ಟೆಯನ್ನು ತುಸು ಮೇಲೆ ಸರಿಸಿ, ತೊಟ್ಟನ್ನು ಕತ್ತರಿಯ ಹಿಡಿಗಳ ನಡುವೆ ಸಿಕ್ಕಿಸಿ ಹಿಸುಕಿದೆ. ಕತ್ತರಿಸಲಿಲ್ಲ. ಕತ್ತರಿಸಿದರೆ ಗೊತ್ತಾಗುತ್ತಿತ್ತು. ಒಳಗಿನ ನಾರು ಜಜ್ಜಿ ಹೋಗುವಷ್ಟು ಹಿಸುಕಿ, ಹಸಿರು ನೀರು ಒರೆಸಿ, ಬಟ್ಟೆಯ ಗಂಟನ್ನು ಮತ್ತೆ ಅದರ ಮೇಲೆಯೇ ತಂದು ಕೂರಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ. ಒಳಗೆ ಹೋಗಿ ಆ ದಿನದ ಸಾಲು ತುಂಬಿದೆ. ಅವರು ಬಂದ ಮೇಲೆ ಮೆಟ್ಟಿಲ ಮೇಲೆ ಓದಿದೆ: ಬೀಜದ ಕಾಯಿ ಚೆನ್ನಾಗಿದೆ.

“ಹೂಂ” ಎಂದರು ಅಜ್ಜಿ. ಪ್ರಸಾದದ ಬಾಳೆಹಣ್ಣಿನಲ್ಲಿ ಅರ್ಧ ನನಗೆ ಕೊಟ್ಟರು.

ಇಪ್ಪತ್ತೆರಡನೆಯ ತಾರೀಖಿಗೆ ಕಾಯಿ ಹಳದಿಯಾಗಿತ್ತು. ಅಜ್ಜಿ ಚಪ್ಪರದ ಕೆಳಗೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ನನ್ನನ್ನು ಕರೆದು, ಮನೆಯೊಳಗಿನವರಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಹೇಳಿದರು.

“ನಂದ ತಪ್ಪು ಬಾಯಿ. ಮೊನ್ನೆ ಹುಬ್ಬಳ್ಳಿ ತಂಗಿಗೆ ವಿಡಿಯೋದಾಗ ತೋರಸ್ಲಿಕ್ಕತ್ತಿದ್ದೆ. ‘ಎಲ್ಲಿ ಅಕ್ಕಾ, ಬರೇ ಎಲಿ ಕಾಣಸ್ತಾವ’ ಅಂದ್ಲು. ಇದ ನೋಡು, ಇದ ನೋಡು ಅಂತ ಬಟ್ಟ ಮಾಡಿಬಿಟ್ಟೆ. ನಿನಗೆಲ್ಲಾ ಬುದ್ಧಿ ಹೇಳಿದಾಕಿ ನಾನ.”

ಬೆರಳಿನಿಂದ ಕಾಯಿ ಕೊಳೆಯುವುದಿಲ್ಲ ಎಂದು ಎರಡು ತಿಂಗಳು ಅಂಕಿಅಂಶ ಹಿಡಿದು ವಾದಿಸಿದ್ದ ನಾನು ಆಗ ಹೇಳಿದ್ದು ಇಷ್ಟು: “ಇರ್ಬೋದು ಅಜ್ಜಿ.”

ಅವರು ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡು ಸೆರಗಿನಲ್ಲಿ ಒರೆಸಿಕೊಂಡರು. “ನೋಡೂಣು. ಒಳಗ ಬಲತಿದ್ರೂ ಬಲತಿರ್ಬೋದು” ಎಂದರು.

ಆ ಇರುಳು ಮಲಗುವ ಮುಂಚೆ ನಾನು ಲೆಕ್ಕ ಹಾಕಿದೆ. ಅಜ್ಜಿ ಹೊರಡುವುದು ಅಕ್ಟೋಬರ್ ಐದಕ್ಕೆ. ಆರು ವಾರಕ್ಕಿಂತ ಹೆಚ್ಚು ಸಮಯವಿತ್ತು, ಬಿಸಿಲೂ ಇತ್ತು. ಮರುದಿನ ನಿಜ ಹೇಳಿ ಇನ್ನೊಂದು ಕಾಯಿಗೆ ಬಟ್ಟೆ ಕಟ್ಟಿದ್ದರೆ ಬೀಜ ಉಳಿಯುತ್ತಿತ್ತು. ಆ ಲೆಕ್ಕ ಪುಸ್ತಕದ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಇದೆ. ಗೊತ್ತಿದ್ದೂ ಬಂದ ಪ್ರತಿಯೊಂದು ಕಾಯಿಯನ್ನೂ ಎಳೆಯದಾಗಿದ್ದಾಗಲೇ ಕೊಯ್ದೆ. ಬಳ್ಳಿ, ಓದಿದ್ದಂತೆಯೇ, ಮತ್ತೆ ಹೂವು ಬಿಟ್ಟಿತು. ವಾರವಾರಕ್ಕೆ ಒಂದು, ಎರಡು, ನಾಲ್ಕು, ಐದು, ಐದು ಕಾಯಿ. ಸೆಪ್ಟೆಂಬರ್ ಹದಿನಾಲ್ಕಕ್ಕೆ ನಲವತ್ತಾಯಿತು. ಫೋಟೋ ಹಾಕಿದೆ. ಪ್ಲೆಸೆಂಟನ್‌ನವರು ‘ಒಪ್ಪಿಕೊಂಡೆ ಮೇಡಂ’ ಎಂದು ಬರೆದರು. ಅಜ್ಜಿ ಆ ದಿನ ನನಗೆಂದು ಹೀರೇಕಾಯಿ ಸಿಪ್ಪೆಯ ಚಟ್ನಿ ಅರೆದಿದ್ದರು.

ಹದಿನಾರನೆಯ ತಾರೀಖು ಬೀಜದ ಕಾಯಿಯನ್ನು ಇಳಿಸಿದರು. ಅದು ಸುಕ್ಕಾಗಿ ಒಂದು ಕಡೆ ಕಪ್ಪಾಗಿತ್ತು. ಅಲ್ಲಾಡಿಸಿದರೆ ಸದ್ದಿಲ್ಲ. ಪೇಪರ್ ಹಾಸಿ ಬಿಡಿಸಿದರು. ಬೀಜಗಳು ಬಿಳಿಯಾಗಿದ್ದವು, ಉಗುರಿನಿಂದ ಒತ್ತಿದರೆ ಕಾಗದದ ಹಾಗೆ ಮಡಚುತ್ತಿದ್ದವು. ಒಂದೊಂದನ್ನೇ ಒತ್ತಿ ನೋಡಿ ಬದಿಗಿಟ್ಟರು. ನಾನು ಅಲ್ಲೇ ಎದುರಿಗೆ ಕುಳಿತಿದ್ದೆ.

“ಎಣಸು” ಎಂದರು. ಅವರಾಗಿಯೇ ನನಗೆ ಎಣಿಸಲು ಹೇಳಿದ್ದು ಅದೇ ಮೊದಲು.

“ಎಂಬತ್ನಾಲ್ಕು.”

“ಬರಕೋ. ಎಂಬತ್ನಾಲ್ಕೂ ಜೊಳ್ಳು.”

ಬರೆದೆ. ಅವರೆದುರೇ ಬರೆದೆ. ಉಳಿದಿದ್ದ ಒಂದು ಎಳೆಕಾಯಿಗೆ ಅವರು ಅದೇ ಕೆಂಪು ಬಟ್ಟೆ ಕಟ್ಟಿದರು. ಕಟ್ಟುತ್ತ, “ಇದಕ್ಕ ಇನ್ನ ಬಿಸಲು ಸಾಲೂದಿಲ್ಲ” ಎಂದರು.

ಮುಂದಿನ ದಿನಗಳಲ್ಲಿ ನಾನು ಮಾಡಿದ್ದನ್ನೂ ಬರೆಯಬೇಕು. ಯಾರಿಗೆ ಎಷ್ಟು ಕಾಯಿ ಕೊಟ್ಟೆವು ಎಂಬ ಪಟ್ಟಿ ನನ್ನಲ್ಲಿತ್ತು: ಏಳು ಮನೆ, ಹದಿಮೂರು ಕಾಯಿ. ಎಲ್ಲರಿಗೂ ಫೋನ್ ಮಾಡಿ, ಯಾವುದಾದರೂ ಬಲಿತದ್ದಿತ್ತಾ, ಬೀಜ ತೆಗೆದಿಟ್ಟಿದ್ದೀರಾ ಎಂದು ಕೇಳಿದೆ. ಯಾಕೆಂದು ಹೇಳಲಿಲ್ಲ. ಒಬ್ಬರು, “ಅಯ್ಯೋ, ಒಂದು ಸ್ವಲ್ಪ ಗಟ್ಟಿ ಇತ್ತು ರೀ, ಕಸದ ಹಸಿರು ಡಬ್ಬಕ್ಕೆ ಹಾಕ್ಬಿಟ್ಟೆ” ಎಂದರು. ಹೇಳದೆಯೇ ಸರಿಪಡಿಸಿಬಿಡಬಹುದು ಎಂಬುದು ನನ್ನ ಆಸೆಯಾಗಿತ್ತು.

ಸೆಪ್ಟೆಂಬರ್ ಇಪ್ಪತ್ತೆಂಟು ಭಾನುವಾರ. ನಾನು ಪಾತಿಯ ಹತ್ತಿರ ಮೆಂತ್ಯ ಕೀಳುತ್ತಿದ್ದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಅಜ್ಜಿ ಮೌಂಟನ್ ವ್ಯೂ ಮಗಳೊಂದಿಗೆ ಫೋನಿನಲ್ಲಿದ್ದರು. ಆಕೆ ಶನಿವಾರ ಅಜ್ಜಿಯನ್ನು ಕಂಡು ಬೀಜ ಒಯ್ಯಲು ಬರುವವರಿದ್ದರು.

“ಇಲ್ಲ ತಂಗಿ, ಇಲ್ಲ. ಏನ ಹೇಳ್ಲಿ. ನಿಮ್ಮವ್ವ ನಂಬಿ ಕೊಟ್ಟಿದ್ಲು. ನನ್ನ ಬಟ್ಟಿನ ತಪ್ಪು. ಮುದುಕಿ ಆದೆ, ನೆನಪಿರ್ಲಿಲ್ಲ. ಕ್ಷಮಾ ಮಾಡು.”

ಕ್ಷಮಾ ಮಾಡು ಎಂದು ಎರಡು ಸಲ ಹೇಳಿದರು. ನಾನು ಮೆಂತ್ಯವನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಅವರು ಫೋನ್ ಇಡುತ್ತಿದ್ದರು. ಅಕ್ಕ ಪಾತ್ರೆ ತೊಳೆಯುತ್ತಿದ್ದರು. ಕೈಯ ಮಣ್ಣನ್ನೂ ತೊಳೆಯದೆ, ನಿಂತೇ ಹೇಳಿದೆ. ಗುರುವಾರ, ಕತ್ತರಿ, ಬಟ್ಟೆಯ ಗಂಟು, ನಲವತ್ತು. “ಇರ್ಬೋದು ಅಂದಿದ್ದೂ ಸುಳ್ಳು ಅಜ್ಜಿ” ಎಂದೆ.

ಅಕ್ಕ ನಲ್ಲಿ ನಿಲ್ಲಿಸಿದರು. “ಸೀರಿಯಸ್ಲಿ? ಆ ಗ್ರೂಪಿಗೋಸ್ಕರಾನಾ?”

ನಾನು ಹೌದೆಂದೆ. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಇದ್ದಿದ್ದರೆ ಹೇಳಲು ಸುಲಭವಾಗುತ್ತಿತ್ತು.

ಅಜ್ಜಿ ಟೇಬಲ್ಲಿನ ಮೇಲೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ಐದು ವಾರ” ಎಂದರು. “ಐದು ವಾರ ಈ ಬಟ್ಟಿಗೆ ಬೈದೀನಿ. ನೀ ದಿನಾ ನನ್ನ ಮುಂದ ಕೂತು ಓದಿದಿ.”

“ತಪ್ಪಾಯ್ತು ಅಜ್ಜಿ.”

“ನನಗ್ಯಾಕ ಹೇಳ್ತಿ? ಆಕಿಗೆ ಹಚ್ಚು ಫೋನು. ನೀನ ಹೇಳು.”

ಹಚ್ಚಿದೆ. ಆಕೆಗೆ ನನ್ನ ಪರಿಚಯವೇ ಇರಲಿಲ್ಲ. ಮೊದಲು ನಾನು ಯಾರೆಂದು ಹೇಳಬೇಕಾಯಿತು, ಆಮೇಲೆ ಏನು ಮಾಡಿದೆ ಎಂದು. ಆಕೆ ಬೈಯಲಿಲ್ಲ. “ಓ... ಪರ್ವಾಗಿಲ್ಲ ಬಿಡಿ” ಎಂದರು. ಆಮೇಲೆ, “ಹಾಗಾದ್ರೆ ಇನ್ನು ಬೇರೆ ಎಲ್ಲೂ ಇಲ್ವಾ?” ಎಂದು ಕೇಳಿದರು. ಏಳು ಮನೆಗೂ ಕೇಳಿದ್ದೇನೆ, ಇಲ್ಲ ಎಂದೆ. ಆಚೆಯಿಂದ ರೈಲಿನ ಸದ್ದು ಬಂತು. ಅದು ಹೋದ ಮೇಲೆ ಆಕೆ ಫೋನ್ ಇಟ್ಟರು.

ಸಂಜೆ ಅಜ್ಜಿ ಎಂದಿನಂತೆ ಮೆಟ್ಟಿಲ ಮೇಲೆ ಬಂದು ಕೂತರು. ತಲಾಟಿ ಎಂದು ಕರೆಯಲಿಲ್ಲ. “ಆ ದಿನದ್ದು ತಿದ್ದಿದ್ಯಾ?”

ತಿದ್ದಿದ್ದೆ. ಓದಿದೆ: ಆಗಸ್ಟ್ ಹದಿನಾಲ್ಕು. ಹೆಣ್ಣು ಹೂವು ಒಂದು. ಕೊಯ್ದದ್ದು ಇಲ್ಲ. ಬೀಜದ ಕಾಯಿಯ ತೊಟ್ಟನ್ನು ನಾನು ಜಜ್ಜಿದೆ.

“ತೂಕ?”

“ಅದನ್ನ ತೂಗ್ಲಿಲ್ಲ ಅಜ್ಜಿ.”

“ಎಲ್ಲಾದಕ್ಕೂ ತೂಕ ಬರೀತಿ. ಅದಕ್ಕ ಯಾಕ ಬರೀಲಿಲ್ಲ?”

ತೂಕದ ಕಾಲಂನ ಆ ಮನೆ ಇನ್ನೂ ಖಾಲಿಯೇ ಇದೆ.

ಊರಿಗೆ ಹೊರಡುವ ದಿನ ಅಜ್ಜಿ ನನ್ನನ್ನು ಚಪ್ಪರದ ಹತ್ತಿರ ಕರೆದೊಯ್ದು ಕೆಂಪು ಬಟ್ಟೆ ಕಟ್ಟಿದ ಕಾಯಿಯನ್ನು ತೋರಿಸಿದರು. ಬೆರಳು ಮಡಚಿ, ಗೆಣ್ಣಿನಿಂದಲೇ. ನಾನು ನೋಡಿದ್ದನ್ನು ಗಮನಿಸಿ, “ನೀ ಮಾಡಿದ್ದಕ್ಕ ನನ್ನ ರೂಢಿ ಬಿಡಬೇಕೇನು?” ಎಂದರು. “ಬಳ್ಳಿ ಪೂರಾ ಒಣಗೂತನಕ ಇದನ್ನ ಕೀಳಬ್ಯಾಡ.” ಕಾಲಿಗೆ ನಮಸ್ಕಾರ ಮಾಡಿದೆ. ಛಲೋ ಆಗಲಿ ಎಂದರು. ಎಲ್ಲರಿಗೂ ಹೇಳುವ ಹಾಗೆ.

ನವೆಂಬರ್ ಇಪ್ಪತ್ತಮೂರರವರೆಗೆ ಬಿಟ್ಟೆ. ಎಲೆಯೆಲ್ಲ ಕಪ್ಪಾಗಿ ಬಳ್ಳಿ ಹುರಿಯ ಹಾಗೆ ಒಣಗಿತ್ತು. ಆ ದಿನ ಭಾನುವಾರ. ಕಾಯಿಯನ್ನು ಇಳಿಸಿ, ತೂಗಿ, ಪೇಪರ್ ಮೇಲೆ ಬಿಡಿಸಿದೆ. ಆಮೇಲೆ ಧಾರವಾಡಕ್ಕೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಅಜ್ಜಿ ಚಹಾ ಕುಡಿಯುತ್ತಿದ್ದರು.

“ಓದು” ಎಂದರು.

“ಒಂದು ಕಾಯಿ. ಇನ್ನೂರ ಹತ್ತು ಗ್ರಾಂ. ಬೀಜ ಐವತ್ತೆರಡು. ಎಲ್ಲಾ ಜೊಳ್ಳು.”

“ಎಲ್ಲಾ ಒತ್ತಿ ನೋಡಿದ್ಯಾ?”

“ನೋಡ್ದೆ ಅಜ್ಜಿ. ಎರಡೆರಡು ಸಲ.”

“ಆಕಿಗೆ ಹೇಳಿದ್ಯಾ?”

“ಇನ್ನೂ ಇಲ್ಲ.”

“ಮತ್ತ ಮೊದಲ ನನಗ್ಯಾಕ ಓದ್ಲಿಕ್ಕತ್ತಿ? ಇಡು ಫೋನು.”

ಇಟ್ಟೆ. ನಾಲ್ಕು ಪೊಟ್ಟಣಗಳು ಪುಸ್ತಕದ ನಡುವೆಯೇ ಇದ್ದವು, ನನ್ನದೇ ದುಂಡು ಅಕ್ಷರ. ನಾಲ್ಕನೆಯದನ್ನು ಎದುರಿಗಿಟ್ಟುಕೊಂಡು ಮೌಂಟನ್ ವ್ಯೂ ನಂಬರು ಒತ್ತಿದೆ.